ಒಂದೇ ಗೆರೆ ನೋಡಿ ಮನೆಗೆ ಕಳಿಸಬೇಡಿ

ಸಂಪಾದಕರೇ,

ಕಳೆದ ಮಳೆಗಾಲದ ಒಂದು ರಾತ್ರಿ ಊಟ ಮುಗಿಸಿ ಎದ್ದ ನಮ್ಮ ಮಾವನಿಗೆ ಎದೆ ಉರಿ ಶುರುವಾಯಿತು. ಗ್ಯಾಸ್ ಇರಬೇಕು ಅಂತ ಅತ್ತೆ ಓಮದ ಕಷಾಯ ಕುಡಿಸಿದರು. ಬೆವರು ನಿಲ್ಲಲಿಲ್ಲ. ಜೀಪು ಮಾಡಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ನೋವು ಶುರುವಾಗಿ ಬರೀ ಒಂದು ಗಂಟೆ. ಅಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿಗೆ ರಕ್ತದ ಹನಿ ಹಾಕಿ ಕಾಲು ಗಂಟೆ ಕಾದರು. ಕಾರ್ಡು ಕೆಲಸ ಮಾಡಿದೆ ಎಂದು ತೋರಿಸುವ ಸಿ ಅಕ್ಷರದ ಎದುರು ಕೆಂಪು ಗೆರೆ ಬಂತು, ಹೃದಯಕ್ಕೆ ಪೆಟ್ಟಾಗಿದ್ದರೆ ಗೆರೆ ಬರಬೇಕಾದ ಟಿ ಎದುರು ಖಾಲಿ. 'ಹಾರ್ಟಿನದ್ದೇನಿಲ್ಲ, ಹೋಗಿ ಮಲಗಿ' ಅಂದರು. ಇಸಿಜಿಯನ್ನೂ ತೆಗೆಯಲಿಲ್ಲ. ಬೆಳಿಗ್ಗೆ ಮಂಗಳೂರಿನಲ್ಲಿ ಗೊತ್ತಾಯಿತು, ರಾತ್ರಿ ಆದದ್ದು ಹೃದಯಾಘಾತವೇ. ಮಾವ ಬದುಕಿದ್ದಾರೆ, ಆದರೆ ತೋಟದ ಗುಡ್ಡ ಹತ್ತಿದರೆ ಏದುಸಿರು.

ಇದರಲ್ಲಿ ಕಾರ್ಡಿನ ತಪ್ಪಿಲ್ಲ. ಹೃದಯದ ಸ್ನಾಯು ಹಾಳಾದಾಗ ಟ್ರೋಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಕಾರ್ಡು ಹುಡುಕುವುದು ಅದನ್ನು. ಬಸಿರು ನೋಡುವ ಸ್ಟ್ರಿಪ್ಪಿನದ್ದೇ ವಿದ್ಯೆ. ಪ್ರೋಟೀನನ್ನು ಹಿಡಿಯುವ ಆಂಟಿಬಾಡಿಗೆ ಚಿನ್ನದ ಅತಿ ಸಣ್ಣ ಕಣ ಅಂಟಿಸಿರುತ್ತಾರೆ, ಅವು ಟಿ ಎದುರು ಒಂದೆಡೆ ಸೇರಿದರೆ ಕೆಂಪು ಗೆರೆ ಕಾಣುತ್ತದೆ. ಕಣ್ಣಿಗೆ ಕಾಣುವಷ್ಟು ಸೇರಬೇಕಾದರೆ ನೋವು ಶುರುವಾಗಿ ಸಾಧಾರಣ 3-4 ಗಂಟೆ ಕಳೆಯಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ದೊಡ್ಡ ಆಸ್ಪತ್ರೆಯ ಯಂತ್ರಗಳು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಪತ್ತೆ ಮಾಡುತ್ತವೆ, ಆದರೂ ಅಲ್ಲಿ ಸಂಶಯ ಇದ್ದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಹಾಗಿದ್ದ ಮೇಲೆ ಕಾರ್ಡನ್ನು ಒಂದೇ ಸಲ ನೋಡಿ ತೀರ್ಮಾನ ಮಾಡುವುದು ಹೇಗೆ?

2021ರಲ್ಲಿ ಮನೆಯಲ್ಲೇ ಮಾಡುವ ಕೋವಿಡ್ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಒಂದು ಮಾತು ಹೇಳಿತ್ತು: ರೋಗಲಕ್ಷಣ ಇದ್ದು ನೆಗೆಟಿವ್ ಬಂದರೆ ಲ್ಯಾಬಿನ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಲೇಬೇಕು. ಎದೆನೋವಿಗೂ ಹಾಗೆ ಹೇಳುವವರು ಬೇಕಲ್ವಾ?

ಕಾರ್ಡು ಬೇಡ ಅಂತ ನಾನು ಹೇಳುವುದಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ರಾತ್ರಿ ಮಂಗಳೂರು ಅಂದರೆ ಸುಮ್ನೆ ಮಾತಲ್ಲ, 2020ರಲ್ಲಿ ಮಂಗಳೂರಿನ ದಾರಿಯಲ್ಲಿರುವ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಪಟ್ಟ ಪಾಡು ಇನ್ನೂ ಮರೆತಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಕಾರ್ಡು ಇರಲಿ, ಜೊತೆಗೆ ಇಸಿಜಿ ಇರಲಿ. ಮೊದಲ ಸಲ ಗೆರೆ ಬಾರದಿದ್ದರೆ ರೋಗಿಯನ್ನು ಅಲ್ಲೇ ಕೂರಿಸಿ 3 ಗಂಟೆ ಬಿಟ್ಟು ಇನ್ನೊಮ್ಮೆ ನೋಡಲಿ. ಇಸಿಜಿಯಲ್ಲಿ ವ್ಯತ್ಯಾಸ ಕಂಡರೆ ಕಾರ್ಡಿಗೆ ಕಾಯದೆ ಕಳಿಸಲಿ. ನಾನು ನೋಡಿದ ಪೊಟ್ಟಣದೊಳಗಿನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಮಲಯಾಳವೇ ಇಲ್ಲದ ಮೇಲೆ ಕನ್ನಡ ಎಲ್ಲಿಂದ! ಕೇಂದ್ರದ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆಯನ್ನಾದರೂ ಅಂಟಿಸಿ: ನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಮೊದಲು ಹೇಳಿ ಅಂತ. ಆ ರಾತ್ರಿ ಮಾವನ ಹತ್ತಿರ ಅದನ್ನು ಯಾರೂ ಕೇಳಿರಲಿಲ್ಲ.

– ಒಬ್ಬ ಅಡಕೆ ಕೃಷಿಕ, ಪೆರ್ಲ, ಕಾಸರಗೋಡು ಜಿಲ್ಲೆ