ಕರುವಿನ ಕುಕ್ಕೆ ಮತ್ತು ಕರುವಿನ ಪಕ್ಕೆಲುಬು: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ತುಮಕೂರು ಜಿಲ್ಲೆಯವನು. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸುಗಳಿವೆ. ಬೆಳಿಗ್ಗೆ ಡೇರಿಯ ಬಾಗಿಲು ಮುಚ್ಚುವ ಮೊದಲು ಹಾಲು ಹಾಕದಿದ್ದರೆ ಆ ಹೊತ್ತಿನ ದುಡಿಮೆ ಅಷ್ಟೂ ವ್ಯರ್ಥ. ಆದ್ದರಿಂದ ಈ ಪತ್ರವನ್ನು ಎರಡು ರಾತ್ರಿ ಕೂತು ಬರೆದಿದ್ದೇನೆ.

ಕಳೆದ ಬೇಸಿಗೆಯಲ್ಲಿ ಪ್ರಾಣಿಗಳ ಹಕ್ಕಿನ ಬಗ್ಗೆ ಕಾಳಜಿಯುಳ್ಳ ಇಬ್ಬರು ಯುವಕರು ನಮ್ಮೂರಿಗೆ ಬಂದಿದ್ದರು. ನಮ್ಮ ಹೆಣ್ಣು ಕರುವಿನ ಬಾಯಿಗೆ ಕುಕ್ಕೆ, ಅಂದರೆ ಬಾಯಿ ಮುಚ್ಚುವ ಹೆಣೆದ ಬುಟ್ಟಿ, ಕಟ್ಟಿತ್ತು. ಅದನ್ನು ಕಂಡವರೇ ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆದರು. ಹಸುಗೂಸಿನ ಬಾಯಿ ಕಟ್ಟಿದ್ದೀರಲ್ಲ, ನಿಮಗೆ ಕರುಣೆ ಇಲ್ಲವೇ ಎಂದರು. ಎಳೆಗರು ಮಣ್ಣು ತಿನ್ನುತ್ತದೆ, ಮಣ್ಣು ತಿಂದರೆ ಹೊಟ್ಟೆಯಲ್ಲಿ ಹುಳುವಾಗಿ ಸೊರಗುತ್ತದೆ, ಹಾಲು ಕುಡಿಯುವ ಹೊತ್ತಿಗೆ ಕುಕ್ಕೆ ಬಿಚ್ಚುತ್ತೇವೆ ಎಂದು ನನ್ನ ಹೆಂಡತಿ ಹೇಳಿದಳು. ಅವರು ನಂಬಿದಂತೆ ಕಾಣಲಿಲ್ಲ. ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೋದರು.

ಅವರು ಹೋದ ಮೇಲೆ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಏಕೆಂದರೆ ಅವರು ನೋಡಬೇಕಾದದ್ದು ಕುಕ್ಕೆಯನ್ನಲ್ಲ. ಅದೇ ಗೋಡೆಯ ಕೊನೆಯ ಗೂಟದಲ್ಲಿ ಒಂದು ಗಂಡು ಕರು ಇತ್ತು. ಅದರ ಬಾಯಿಗೆ ಕುಕ್ಕೆ ಇರಲಿಲ್ಲ. ಕಟ್ಟುವಷ್ಟು ಕಾಳಜಿ ನಮಗೇ ಇರಲಿಲ್ಲ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು.

ಇದನ್ನು ನಿಮಗೆ ಮುಚ್ಚಿಡದೆ ಹೇಳಬೇಕು. ನಾಟಿ ಹೋರಿಗಾದರೆ ಹೆಗಲ ಮೇಲೆ ಹಿಣಿಲಿದೆ, ಅಂದರೆ ಡುಬ್ಬವಿದೆ, ನೊಗ ಅಲ್ಲಿ ಕೂರುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಾಟಿ ತಳಿಯಾದ ಹಳ್ಳಿಕಾರ್ ಎತ್ತಿನ ಜೋಡಿ ಮದುಮಕ್ಕಳಂತೆ ನಿಂತಿರುತ್ತದೆ. ಸೀಮೆಹಸುವಿನ ಗಂಡು ಕರುವಿಗೆ ಹೇಳಿಕೊಳ್ಳುವಂಥ ಹಿಣಿಲಿಲ್ಲ, ನಡು ಮಧ್ಯಾಹ್ನದ ಬಿಸಿಲಿಗೆ ನಾಲಗೆ ಹೊರಗೆ ಹಾಕುತ್ತದೆ. ಸಾಲದ್ದಕ್ಕೆ ಉಳುಮೆಯೆಲ್ಲ ಟ್ರ್ಯಾಕ್ಟರಿನ ಪಾಲಾಗಿದೆ. ಮೂವತ್ತು ಕೆ.ಜಿ. ತೂಗುವ ಕರುವಿಗೆ ತೂಕದ ಹತ್ತನೇ ಒಂದು ಭಾಗ, ಅಂದರೆ ದಿನಕ್ಕೆ ಮೂರು ಲೀಟರ್ ಹಾಲು ಬೇಕು. ಆ ಮೂರು ಲೀಟರ್ ಡೇರಿಗೆ ಹೋದರೆ ದರವೂ ಉಂಟು, ಸರ್ಕಾರದ ಪ್ರೋತ್ಸಾಹಧನವೂ ಉಂಟು. ಕರುವಿನ ಹೊಟ್ಟೆಗೆ ಹೋದ ಹಾಲಿಗೆ ಪ್ರೋತ್ಸಾಹಧನವಿಲ್ಲ. ಹಾಗಾಗಿ ಹೆಣ್ಣು ಕರುವಿಗೆ ಒಂದು ಮೊಲೆ ಪೂರ್ತಿ ಬಿಡುವ ನಾವು, ಗಂಡು ಕರುವನ್ನು ಹಸು ತೊರೆ ಬಿಡುವವರೆಗೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವವರೆಗೆ ಮಾತ್ರ ಬಿಟ್ಟು, ಕುತ್ತಿಗೆ ಹಿಡಿದು ಎಳೆದು ಕಟ್ಟುತ್ತೇವೆ. ಅದು ಹಗ್ಗ ಜಗ್ಗುತ್ತಾ ನಿಂತಿರುತ್ತದೆ. ಕೆಲವರು ಕತ್ತಲಾದ ಮೇಲೆ ದೇವಸ್ಥಾನದ ಬಯಲಿಗೋ ಹೆದ್ದಾರಿಯ ಪಕ್ಕಕ್ಕೋ ಬಿಟ್ಟು ಬರುತ್ತಾರೆ. ಯಾರು ಎಂದು ಊರಿಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ.

ನಮ್ಮ ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತಿಗಾದರೂ ಕಸಾಯಿಖಾನೆಯ ಒಂದು ದಾರಿ ಇತ್ತು. 2020ರ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಕೊಂದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಅದೇ ಕರುವಿಗೆ ಮೇವು ನೀರು ಕೊಡದೆ ಕಟ್ಟಿಹಾಕಿದರೆ, ಬೀದಿಗೆ ಬಿಟ್ಟರೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಬಿಡಾಡಿ ದನಗಳ ಸಂಖ್ಯೆ 50 ಲಕ್ಷ ದಾಟಿತ್ತು. ಅವು ಆಕಾಶದಿಂದ ಉದುರಿದವಲ್ಲ ಸ್ವಾಮಿ, ನಮ್ಮಂಥವರ ಕೊಟ್ಟಿಗೆಯಿಂದಲೇ ಹೋದವು.

ಪ್ರಾಣಿಪ್ರಿಯರು ಹೇಳುವುದೆಲ್ಲ ಸುಳ್ಳು ಎಂದು ನಾನು ವಾದಿಸುವುದಿಲ್ಲ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದು ಎಂಬ ನಿಯಮ ಸರಿಯಾಗಿಯೇ ಇದೆ. ಕಾಯಿಲೆ ಬಂದ ದನಕ್ಕೆ ಬರೆ ಹಾಕುವುದು ಇನ್ನೂ ನಿಂತಿಲ್ಲ, ನಿಲ್ಲಲೇಬೇಕು. ಆದರೆ 30 ಡಿಗ್ರಿಗಿಂತ ಹೆಚ್ಚು ಬಿಸಿಲಿದ್ದರೆ ದನವನ್ನು ದೂರ ನಡೆಸಬಾರದು ಎಂಬ 2001ರ ನಿಯಮವನ್ನು ರಾಯಚೂರು, ಕಲಬುರಗಿಯ ರೈತ ಏಪ್ರಿಲ್ ತಿಂಗಳಲ್ಲಿ ಹೇಗೆ ಪಾಲಿಸಬೇಕು? ಸೂರ್ಯ ಮುಳುಗಿದ ಮೇಲೂ ನಡೆಸುವಂತಿಲ್ಲವಲ್ಲ!

ಇನ್ನು ಗೋರಕ್ಷಣೆಯ ಹೆಸರಿನಲ್ಲಿ ದನದ ವಾಹನ ತಡೆಯುವವರ ವಿಷಯ. ಸಂತೆಯಿಂದ ಹಸು ತರುವವನ ಕೈಯಲ್ಲಿ ಖರೀದಿಯ ಚೀಟಿ ಇದ್ದರೂ ಎದೆ ಡವಗುಟ್ಟುತ್ತದೆ. ವಶಪಡಿಸಿಕೊಂಡ ದನವನ್ನು ಪ್ರಕರಣ ಮುಗಿಯುವ ಮೊದಲೇ ಗೋಶಾಲೆಗೆ ಸಾಗಿಸಿ, ಮೇವಿನ ಖರ್ಚನ್ನು ಮಾಲೀಕನ ಮೇಲೆ ಹಾಕಲು ಕೇಂದ್ರದ 2017ರ ನಿಯಮಗಳು ಅವಕಾಶ ಕೊಟ್ಟಿವೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಇದನ್ನು ಪ್ರಶ್ನಿಸಿತ್ತು. ತಪಾಸಣೆ ಮಾಡಲಿ, ಬೇಡ ಎನ್ನುವುದಿಲ್ಲ. ಸಮವಸ್ತ್ರ ತೊಟ್ಟ ಪೊಲೀಸರು, ಪಶುವೈದ್ಯರು ಮಾಡಲಿ. ದೊಣ್ಣೆ ಹಿಡಿದ ಕೈಗೆ ದನದ ನಾಡಿ ತಿಳಿಯುವುದಿಲ್ಲ.

ನಾನು ಕೇಳುವುದು ಹೆಚ್ಚಿಲ್ಲ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಲು, ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಹುಟ್ಟುವ ವೀರ್ಯದ ನಳಿಕೆ ಈಗ ಇದೆ. ನಾವು ಅದನ್ನು ‘ಹೆಣ್ಣು ಕರುವಿನ ಇಂಜೆಕ್ಷನ್’ ಎನ್ನುತ್ತೇವೆ. ಹಸು ಬೆದೆಗೆ ಬಂದರೆ ಒಂದು ದಿನವೂ ಕಾಯುವುದಿಲ್ಲ. ಆದ್ದರಿಂದ ಆ ನಳಿಕೆ ಸಾಮಾನ್ಯ ನಳಿಕೆಯ ದರಕ್ಕೆ, ಊರಿನ ಡೇರಿಯಲ್ಲೇ ಸಿಗಬೇಕು. ಹಾಗಿದ್ದೂ ಹುಟ್ಟುವ ಗಂಡು ಕರುವನ್ನು ಮೂರು ತಿಂಗಳು ಸಾಕಿದವನಿಗೆ ಅದು ಕುಡಿದ ಹಾಲಿನ ಲೆಕ್ಕಕ್ಕೂ ಪ್ರೋತ್ಸಾಹಧನ ಕೊಡಿ. ಆಮೇಲೆ ಅದನ್ನು ತೆಗೆದುಕೊಳ್ಳುವ ಗೋಶಾಲೆ ಎಷ್ಟು ಬಂದವು, ಎಷ್ಟು ಸತ್ತವು ಎಂದು ಬಾಗಿಲಿಗೇ ಬರೆದು ಹಾಕಲಿ. ಫೋಟೊ ತೆಗೆಯುವವರು ಅಲ್ಲಿಗೂ ಹೋಗಲಿ.

ಆ ಗಂಡು ಕರು ಮಳೆಗಾಲ ಕಾಣಲಿಲ್ಲ. ಅದರ ತಾಯಿಗೆ ಮತ್ತೆ ಬೆದೆ ಬಂದಾಗ ಹೆಣ್ಣು ಕರುವಿನ ನಳಿಕೆ ಸಿಗಲಿಲ್ಲ, ಮಾಮೂಲಿಯದನ್ನೇ ಹಾಕಿಸಿದೆವು. ಈಗ ಕೆಚ್ಚಲು ಇಳಿದಿದೆ. ಮುಂದಿನ ವಾರ ಕರು ಹಾಕಬಹುದು.

ಇಂತಿ,
ನಾಲ್ಕು ಹಸುಗಳ ಒಬ್ಬ ರೈತ