ದಾಳಿಂಬೆಯ ತೋಟದಲ್ಲಿ ಯುಂಗ್

ಪ್ರಿಯ ಗೆಳೆಯ,

ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗನ ಮನಶ್ಶಾಸ್ತ್ರವೆಲ್ಲ ಯೆಹೂದಿ ಅನುಭಾವಿಗಳ ಕಬ್ಬಾಲಾ ಎಂಬ ಗೂಢ ಸಂಪ್ರದಾಯದಿಂದ ಎರವಲು ತಂದದ್ದೇ ಎಂದು ಕೇಳಿದ್ದೀಯೆ. ಹಳೆಯ ರಸವಾದದ ಗ್ರಂಥಗಳಲ್ಲಿ ಕಬ್ಬಾಲಾದ ಅಂಶಗಳು ಬೆರೆತಿದ್ದವು, ಅವನ್ನು ಅವನು ವರ್ಷಗಟ್ಟಲೆ ಓದಿದ್ದ ಎಂಬುದು ನಿಜ. ಆದರೂ ಎರವಲು ಎಂಬ ಮಾತನ್ನು ನಾನು ಒಪ್ಪಲಾರೆ.

1944ರಲ್ಲಿ ಹೃದಯಾಘಾತವಾಗಿ ಸಾವಿನ ಅಂಚಿನಲ್ಲಿದ್ದಾಗ ಅವನಿಗೆ ಕಂಡ ದರ್ಶನವನ್ನೇ ನೋಡು. ತಾನು ದಾಳಿಂಬೆಯ ತೋಟದಲ್ಲಿರುವಂತೆಯೂ ಅಲ್ಲಿ ಕಬ್ಬಾಲಾ ಹೇಳುವ ತಿಫೆರೆತ್ ಮತ್ತು ಮಲ್ಖುತ್ ಎಂಬ ದೈವೀ ತತ್ತ್ವಗಳ ವಿವಾಹ ನಡೆಯುತ್ತಿರುವಂತೆಯೂ ಆ ಕ್ರೈಸ್ತ ಪಾದ್ರಿಯ ಮಗನಿಗೆ ಕಂಡಿತು. ಆರೈಕೆಗೆ ನಿಂತ ದಾದಿ, ಯೆಹೂದಿ ಕಟ್ಟಳೆಯಂತೆ ತನಗೆ ಅಡುಗೆ ಮಾಡುವ ಮುದುಕಿಯಂತೆ ತೋರಿದಳು. ದಾಳಿಂಬೆಯ ತೋಟವೆಂಬುದು 16ನೆಯ ಶತಮಾನದಲ್ಲಿ ಇಂದಿನ ಇಸ್ರೇಲಿನ ಸಫೆದ್ ಊರಿನ ಮೋಶೆ ಕೊರ್ಡೊವೆರೊ ಬರೆದ ಕಬ್ಬಾಲಾ ಗ್ರಂಥದ ಹೆಸರೂ ಹೌದು.

ಅದೇ ಊರಿನಲ್ಲಿ 1572ರಲ್ಲಿ ತೀರಿಕೊಂಡ ಐಸಾಕ್ ಲೂರಿಯಾನ ಬೋಧನೆ ನನ್ನನ್ನು ಇನ್ನೂ ಆಳವಾಗಿ ಕಾಡುತ್ತದೆ. ಅನಂತನಾದ ದೇವರು ತನ್ನನ್ನು ತಾನೇ ಸಂಕೋಚಿಸಿಕೊಂಡು ಸೃಷ್ಟಿಗೆ ಎಡೆಮಾಡಿಕೊಟ್ಟನಂತೆ. ಬಳಿಕ ಹರಿದ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದವಂತೆ. ಚದುರಿದ ಕಿಡಿಗಳು ಕತ್ತಲೆಯ ಚಿಪ್ಪುಗಳೊಳಗೆ ಸಿಕ್ಕಿಕೊಂಡಿವೆಯಂತೆ. ಅವನ್ನು ಬಿಡಿಸಿ ಮೇಲೆತ್ತುವ ಹೊಣೆ ಮನುಷ್ಯನದಂತೆ. ನಾವು ನಿರಾಕರಿಸಿ ಒಳಗೆ ತಳ್ಳಿದ ನೆರಳಿನಲ್ಲಿಯೇ ನಮ್ಮ ಜೀವಶಕ್ತಿಯ ಒಂದು ಪಾಲು ಅಡಗಿದೆ ಎಂಬ ಯುಂಗನ ಮಾತು ಇದಕ್ಕೆ ಎಷ್ಟು ಹತ್ತಿರವಾಗಿದೆ! ಆದರೆ ಮನುಷ್ಯ ದೇವರಿಗೆ ನೆರವಾಗಬೇಕೆಂಬ ಈ ಲೂರಿಯಾ ತತ್ತ್ವ ಕೆಲವೇ ವಾರಗಳ ಹಿಂದೆ ತನ್ನ ಕಣ್ಣಿಗೆ ಬಿತ್ತೆಂದು ಅವನು 1954ರ ಪತ್ರವೊಂದರಲ್ಲಿ ಬರೆಯುತ್ತಾನೆ. ದೇವರಿಗೂ ಮನುಷ್ಯನ ಪ್ರಜ್ಞೆಯ ಅಗತ್ಯವಿದೆ ಎಂದು ವಾದಿಸುವ, ಬೈಬಲಿನ ಯೋಬನನ್ನು ಕುರಿತ ಅವನ ಪುಸ್ತಕ ಅಚ್ಚಾದದ್ದು 1952ರಲ್ಲಿ. ತಾನು ನಡೆದು ಬಂದ ದಾರಿಯಲ್ಲಿ ಹಿಂದಿನವರ ಹೆಜ್ಜೆಗಳನ್ನು ಅವನು ತಡವಾಗಿ ಗುರುತಿಸಿದ ಎಂದೇ ನನ್ನ ಭಾವನೆ.

ಹಾಗೆಂದು ಎರಡನ್ನೂ ಒಂದೇ ಎನ್ನಬೇಡ. ಲೂರಿಯಾನ ಶಿಷ್ಯರಿಗೆ ಕಿಡಿಗಳನ್ನು ಎತ್ತುವುದೆಂದರೆ ಪ್ರಾರ್ಥನೆ, ಧರ್ಮಾಚರಣೆ, ಗಡೀಪಾರಾದ ಇಡೀ ಜನಾಂಗದ ಬಿಡುಗಡೆ; ಯುಂಗನಲ್ಲಿ ಅದು ಒಬ್ಬೊಬ್ಬನ ಒಳಗಿನ ಕೆಲಸ. ಇನ್ನೊಂದು ನೋವಿನ ಸಂಗತಿಯನ್ನೂ ಮುಚ್ಚಿಡಲಾರೆ. ಇದೇ ಯುಂಗ್ 1934ರಲ್ಲಿ, ನಾಜಿಗಳ ಆಳ್ವಿಕೆಯ ಜರ್ಮನಿಯ ಪತ್ರಿಕೆಯೊಂದರಲ್ಲಿ, ಆರ್ಯರ ಸುಪ್ತಪ್ರಜ್ಞೆ ಯೆಹೂದಿಗಳದಕ್ಕಿಂತ ಹೆಚ್ಚಿನ ಸಾಮರ್ಥ್ಯವುಳ್ಳದ್ದೆಂದು ಬರೆದಿದ್ದ. ಅವನ ಯೆಹೂದಿ ಶಿಷ್ಯ ಎರಿಕ್ ನೊಯ್ಮನ್ ಅದೇ ವರ್ಷ ಟೆಲ್ ಅವೀವ್‌ಗೆ ಹೋಗಿ ನೆಲೆಸಿ, ಗುರುವಿನ ಮನಶ್ಶಾಸ್ತ್ರವನ್ನು ಬಿಡದೆಯೇ ತನ್ನ ಜನರ ಅಂತರಂಗದ ಬೇರುಗಳನ್ನು ಹುಡುಕುತ್ತ ಎರಡು ಸಂಪುಟಗಳನ್ನು ಬರೆದ. ಅವು ಅಚ್ಚಾದದ್ದು 2019ರಲ್ಲಿ. ಎರಡನ್ನೂ ನಿನಗೆ ಕಳುಹಿಸುತ್ತಿದ್ದೇನೆ. ಹಸೀದಿ ಎಂಬ ಯೆಹೂದಿ ಭಕ್ತಿಪಂಥವನ್ನು ಕುರಿತ ಎರಡನೆಯದನ್ನೇ ಮೊದಲು ಓದು.

ನಿನ್ನ ಗೆಳೆಯ