ರಾತ್ರಿಯೆಲ್ಲ ಆಟೋ ನಿಲ್ಲಿಸಿಕೊಂಡು ಕೂತ ಕಾಕಾಗೆ, ಮತ್ತು ಉಳಿದವರೆಲ್ಲರಿಗೆ

ಹೋದ ವಾರ ತಮ್ಮನ ಮೇಲಿದ್ದ ಕಳವಿನ ಕೇಸು ಖುಲಾಸೆ ಆಯಿತು. ಅವತ್ತಿನಿಂದ ಫೋನು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಠಾಣೆಯೊಳಗೆ ಆ ಮೂರು ದಿನ ಏನಾಯಿತು ಅನ್ನುವುದು ನಮ್ಮ ಓಣಿಗೂ ಗೊತ್ತು, ಅಮರಗೋಳದ ಎಪಿಎಂಸಿಯ ಹಮಾಲರಿಗೂ ಗೊತ್ತು. ಮತ್ತೆ ಬರೆದರೆ ಅವ್ವ ಯಾರ ಕೈಲಾದರೂ ಓದಿಸಿ ಕೇಳುತ್ತಾಳೆ. ಬೇಡ. ಅವನು ಈಗ ಸರಿಯಾಗಿ ನಡೆಯುತ್ತಾನೆ. ಚೀಲ ಹೊರಲಾಗುವುದಿಲ್ಲ, ತಕ್ಕಡಿ ಹತ್ತಿರ ಕೂತು ಲೆಕ್ಕ ಬರೆಯುತ್ತಾನೆ. ಇಷ್ಟು ಸಾಕು.

ಮೊದಲು ಆಟೋ ಕಾಕಾ.

ಅವರು ನಮಗೆ ಬಳಗವಲ್ಲ, ಓಣಿಯವರೂ ಅಲ್ಲ. ಬುಧವಾರ ರಾತ್ರಿ ಹನ್ನೊಂದರ ಮೇಲೆ ಹಳೇ ಹುಬ್ಬಳ್ಳಿಯಲ್ಲಿ ಕೈ ಮಾಡಿದಾಗ ನಿಂತ ಆಟೋ, ಅಷ್ಟೇ. ಠಾಣೆ ಅಂದಾಗ ಒಮ್ಮೆ ಹಿಂದಕ್ಕೆ ತಿರುಗಿ ಅವ್ವನ ಮುಖ ನೋಡಿದರು. ಇಳಿಸಿ ದುಡ್ಡು ತಗೊಂಡು, "ಹೊಳ್ಳಿ ಹೋಗಾಕ ಏನ್ ಮಾಡ್ತೀರಿ?" ಅಂದರು. ಗೊತ್ತಿಲ್ರಿ ಅಂದೆ. ಒಳಗೆ ಹೋದೆ. "ಅಂಥಾವ ಯಾರೂ ಇಲ್ಲಿಲ್ಲ, ನಡೀರಿ" ಅಂತ ಹೊರಗೆ ಹಾಕಿದರು. ಬಂದು ನೋಡಿದರೆ ಆಟೋ ಅಲ್ಲೇ ಎದುರಿನ ಬೇವಿನ ಗಿಡದ ಕೆಳಗಿತ್ತು. ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂಡ್ರಿಸಿ, ಪಡದೆ ಇಳಿಸಿದರು.

ಒಂದು ಗಂಟೆ ಸುಮಾರಿಗೆ ಒಳಗಿನಿಂದ ದನಿ ಬರತೊಡಗಿತು. ಬೇರೆ ಯಾರದೋ ಇರಬೇಕು ಅಂದುಕೊಂಡೆ. ಬೇರೆ ಯಾರದೋ ಆಗಲಿ ಅಂತ ದೇವರಿಗೆ ಬೇಡಿಕೊಂಡೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಅವನು "ಅಕ್ಕಾ" ಅಂದ. ನಾನು ಗೋಡೆಯಾಚೆ ನಿಂತಿದ್ದು ಅವನಿಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಬಿದ್ದರೂ ಅವ್ವನನ್ನು ಕರೆಯುತ್ತಿರಲಿಲ್ಲ, ನನ್ನನ್ನೇ ಕರೆಯುತ್ತಿದ್ದ.

ಕಾಕಾ ಏನೂ ಮಾತಾಡಲಿಲ್ಲ. ಆಟೋ ಚಾಲೂ ಮಾಡಿದರು. ಹಳೇ ಗಾಡಿ, ಮಾತು ಕೇಳದಷ್ಟು ಸದ್ದು. ಅವ್ವ, "ಯಾಕೋ ಯಪ್ಪಾ, ಹೋಗೂಣೇನು?" ಅಂದಳು. "ಇಲ್ಲ ಬೇ, ಭಾಳೊತ್ತು ಬಂದ್ ಇಟ್ರ ಮುಂಜಾನಿ ಚಾಲೂ ಆಗೂದಿಲ್ಲ ಇದು." ಒಳಗೆ ದನಿ ನಿಂತಾಗ ಬಂದ್ ಮಾಡುವುದು, ಎದ್ದಾಗ ಮತ್ತೆ ಚಾಲೂ ಮಾಡುವುದು. ನಾಲ್ಕರತನಕ ಇದೇ. ನಡುನಡುವೆ ಕಿಸೆಯೊಳಗಿನ ಸಣ್ಣ ನೋಟಬುಕ್ಕು ತೆಗೆದು ಮೊಬೈಲ್ ಬೆಳಕಿನಲ್ಲಿ ಏನೋ ಬರೆಯುತ್ತಿದ್ದರು. ಇಂಥ ಹೊತ್ತಿನಲ್ಲೂ ಬಾಡಿಗೆ ಲೆಕ್ಕವೇ ಅಂತ ನನಗೆ ಸಿಟ್ಟು ಬಂದಿತ್ತು.

ಬರೆದದ್ದು ಹೊತ್ತು. ಎಷ್ಟಕ್ಕೆ ದನಿ ಕೇಳಿತು, ಎಷ್ಟಕ್ಕೆ ನಿಂತಿತು, ಜೀಪು ಎಷ್ಟಕ್ಕೆ ಬಂತು, ಅದರ ನಂಬರ್ ಏನು.

ಅದರ ಬೆಲೆ ಗೊತ್ತಾಗಿದ್ದು ಬಂಧನದ ಕಾಗದ ನಮ್ಮ ಕೈಗೆ ಸಿಕ್ಕಾಗ. ಮಂಗಳವಾರ ಸಂಜೆ ಯಾರ್ಡಿನಿಂದ ಒಯ್ದವನನ್ನು ಗುರುವಾರ ಬೆಳಿಗ್ಗೆ "ಬಸ್ ನಿಲ್ದಾಣದ ಬಳಿ ಸಂಶಯಾಸ್ಪದವಾಗಿ ತಿರುಗಾಡುತ್ತಿದ್ದಾಗ" ಹಿಡಿದೆವು ಅಂತ ಅದರಲ್ಲಿತ್ತು. ಹಿಡಿದ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನುವುದು ಸಂವಿಧಾನದ 22ನೇ ವಿಧಿ. ಗುರುವಾರದಿಂದ ಎಣಿಸಿದರೆ ಯಾವ ತಪ್ಪೂ ಇಲ್ಲ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಹಿಡಿದ ಕೂಡಲೇ ಹೊತ್ತು, ತಾರೀಖು ಬರೆಯಬೇಕು, ಮನೆಯವರೋ ಊರಿನ ಮರ್ಯಾದಸ್ಥರೋ ಸಾಕ್ಷಿ ಹಾಕಬೇಕು, 48 ತಾಸಿಗೊಮ್ಮೆ ವೈದ್ಯರು ನೋಡಬೇಕು. ನಮ್ಮ ಕಾಗದದಲ್ಲಿ ಸಾಕ್ಷಿ ಹಾಕಿದವನನ್ನು ನಾವು ಇವತ್ತಿನವರೆಗೆ ಕಂಡಿಲ್ಲ. ಠಾಣೆಗಳಲ್ಲಿ ದನಿಯನ್ನೂ ಹಿಡಿಯುವ ಸಿಸಿಟಿವಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕೇಳಿದೆವು. ಕ್ಯಾಮೆರಾ ರಿಪೇರಿಯಲ್ಲಿತ್ತಂತೆ. ಹಾಗಾಗಿ ಬುಧವಾರ ರಾತ್ರಿ ತಮ್ಮ ಒಳಗಿದ್ದ ಅನ್ನುವುದಕ್ಕೆ ನಮ್ಮ ಹತ್ತಿರ ಇದ್ದದ್ದು ಆ ನೋಟಬುಕ್ಕು, ಮತ್ತು ಎದುರಿನ ಗಾಡಿಯಲ್ಲಿ ನಾನು ಎರಡು ಚಹಾಕ್ಕೆ ಫೋನ್‌ಪೇ ಮಾಡಿದ ದಾಖಲೆ.

ಕಾಕಾ ನಮ್ಮ ಕಡೆಯ ಸಾಕ್ಷಿಯಾಗಿ ಕಟಕಟೆ ಹತ್ತಿದರು. ಯಾರಾದರೂ ಬಂದು ಹೆದರಿಸಿದ್ದರೋ ಇಲ್ಲವೋ, ನನಗೆ ಹೇಳಿಲ್ಲ. ಸರ್ಕಾರಿ ವಕೀಲರು ಕೇಳಿದರು, "ಆಟೋ ಚಾಲೂ ಇತ್ತು ಅಂತೀರಿ, ಅಷ್ಟು ಸದ್ದಿನಲ್ಲಿ ಒಳಗಿನ ದನಿ ನಿಮಗೆ ಹೇಗೆ ಕೇಳಿತು?" ಕಾಕಾ ಹೇಳಿದರು, "ಕೇಳಿದ ಮ್ಯಾಲೆ ಚಾಲೂ ಮಾಡಿದ್ನಿರಿ ಸಾಹೇಬ್ರ. ಅವ್ರವ್ವಗ ಕೇಳಬಾರದಂತ." ಟೈಪಾಗುವಾಗ ಅದು "ಆರೋಪಿಯ ತಾಯಿಗೆ ಶಬ್ದ ಕೇಳಿಸಬಾರದೆಂದು ಇಂಜಿನ್ ಚಾಲನೆಯಲ್ಲಿಟ್ಟಿದ್ದೆ" ಅಂತ ಆಯಿತು.

ಅವ್ವ ಹಿಂದಿನ ಬೆಂಚಿನಲ್ಲೇ ಕೂತಿದ್ದಳು. ಹೊರಗೆ ಬಂದಮೇಲೆ ಕಾಕಾನ ಮುಂದೆ ನಿಂತು ಅಂದಳು, "ನನಗ ಎಲ್ಲಾ ಕೇಳಿತ್ತಪಾ. ನೀ ಇಷ್ಟ ಒದ್ದಾಡಾಕತ್ತೀಯಲ್ಲ ಅಂತ ಸುಮ್ಮನ ಕುಂತಿದ್ದೆ."

ಇದನ್ನು ಬರೆದು ಅರ್ಧ ತಾಸು ಎದ್ದು ಹೋಗಿದ್ದೆ. ಈಗ ಮುಂದುವರಿಸುತ್ತೇನೆ.

ಆ ರಾತ್ರಿ ಯಾಕೆ ನಿಂತಿರಿ ಅಂತ ಎಷ್ಟೋ ಸಲ ಕೇಳಿದ್ದೇನೆ. "ಬಾಡಿಗಿ ಇರಲಿಲ್ಲವ್ವಾ" ಅನ್ನುತ್ತಾರೆ. ರೇಲ್ವೆ ಸ್ಟೇಷನ್ ಮುಂದೆ ರಾತ್ರಿ ಗಾಡಿಗಳಿಗೆ ಕಾಯುವ ಆಟೋದವರಿಗೆ ಬಾಡಿಗೆ ಇರಲಿಲ್ಲವಂತೆ!

ಇನ್ನು ಉಳಿದವರು. ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲ ಮೇಡಂ ನಮ್ಮಿಂದ ಝೆರಾಕ್ಸ್ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. (ಬಂಧನದಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ, ನಮಗೆ ಗೊತ್ತಿರಲಿಲ್ಲ.) ಅಂಗಾಲಿನ ಗಾಯಗಳನ್ನು ಒಂದೂ ಬಿಡದೆ, ಅಳತೆ ಬಣ್ಣ ಸಮೇತ ಬರೆದ ಡಾಕ್ಟರ್, ಖರ್ಚಿಗೆಂದು ದುಡ್ಡಿನ ಪಟ್ಟಿ ಎತ್ತಿದ ಹಮಾಲರು, ತಿಂಗಳುಗಟ್ಟಲೆ ರೊಟ್ಟಿ ಕಳಿಸಿದ ಓಣಿಯ ಅಕ್ಕಂದಿರು, ಜೈಲಿನಲ್ಲಿ ಅವನ ಕಾಲಿಗೆ ಬಿಸಿನೀರು ಕಾಸಿಕೊಟ್ಟ ಹೆಸರು ಗೊತ್ತಿಲ್ಲದ ಕೈದಿಗಳು, ತಾರೀಖು ಇದ್ದಾಗೆಲ್ಲ ರಜೆ ಕೊಟ್ಟ ನಮ್ಮ ಹೊಲಿಗೆ ಅಂಗಡಿಯ ಅಣ್ಣಾರು, ಎಲ್ಲರಿಗೂ ಕೈ ಮುಗಿಯುತ್ತೇನೆ. ನ್ಯಾಯಾಧೀಶರಿಗೆ ಹೀಗೆಲ್ಲ ಥ್ಯಾಂಕ್ಸ್ ಹೇಳಬಾರದು, ಅದು ಅವರ ಕೆಲಸ ಅಂತ ಮೇಡಂ ಅಂದಿದ್ದಾರೆ. ಬಿಟ್ಟಿದ್ದೇನೆ.

ಇನ್ನೊಬ್ಬರು, ಖಾಕಿಯವರೇ. ಕೋರ್ಟಿಗೆ ಒಯ್ಯುವ ಮುಂಚೆ ನನ್ನ ಪಕ್ಕ ಹಾದುಹೋಗುತ್ತ, "ಸಾಹೇಬ್ರು ಪೊಲೀಸ್ರಿಂದ ತ್ರಾಸ ಆಗೇತೇನ ಅಂತ ಕೇಳ್ತಾರ. ಇಲ್ಲ ಅಂದ್ರ ಅಲ್ಲಿಗೆ ಮುಗೀತು ನೋಡು" ಅಂದು ಹೋದರು. ಅದನ್ನು ತಮ್ಮನ ಕಿವಿಗೆ ಹಾಕಿದೆ. ಮ್ಯಾಜಿಸ್ಟ್ರೇಟರು ಕೇಳಿದಾಗ ಅವನ ಬಾಯಿಂದ ಮಾತು ಬರಲಿಲ್ಲ, ಚಪ್ಪಲಿ ಬಿಟ್ಟು ಕಾಲು ಎತ್ತಿ ತೋರಿಸಿದ. ಆ ಅಕ್ಕಾರ ಗುರುತು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಗೆದ್ದೆವು ಅಂತ ಬರೆಯುತ್ತಿಲ್ಲ. ಕಳವಿನ ಕೇಸಷ್ಟೇ ಮುಗಿದಿದೆ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ, ಆದರೆ "ಇಂಥಲ್ಲಿ ಇಟ್ಟೀನಿ" ಅಂತ ತೋರಿಸಿಕೊಟ್ಟ ಮಾಲು ನಡೆಯುತ್ತದೆ. ಆ ಒಂದು ಮಾತು ಹೊರಡಿಸಲಿಕ್ಕೆ ಅಷ್ಟು ಹೊಡೆದದ್ದು. ಹಾಗೆ ಹೊಡೆದವರಿಗೆ ಏಳು ವರ್ಷದವರೆಗೆ ಶಿಕ್ಷೆ ಅಂತ ಹಳೇ ಐಪಿಸಿಯ 330ನೇ ಕಲಮಿನಲ್ಲಿದೆ. ಅದರಡಿ ಹಾಕಿದ ನಮ್ಮ ಖಾಸಗಿ ದೂರು ಈಗ ಧಾರವಾಡದ ಹೈಕೋರ್ಟ್ ಪೀಠದಲ್ಲಿ ನಿಂತಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಂತೆ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿ ಇಲ್ಲದೆ ಕೇಸು ನಡೆಸುವಂತಿಲ್ಲ ಅನ್ನುವುದು ಪೊಲೀಸರ ವಾದ. ಅಂಗಾಲಿಗೆ ಹೊಡೆಯುವುದು ಕರ್ತವ್ಯ ಹೇಗಾಗುತ್ತದೆ ಅನ್ನುವುದು ನಮ್ಮದು. ಮುಂದಿನ ತಾರೀಖಿಗೂ ಧಾರವಾಡದ ಚಿಗರಿ ಬಸ್ಸು ಹತ್ತುತ್ತೇವೆ. ಬರುವವರು ಬನ್ನಿ.

ಕಾಕಾ ಮೊನ್ನೆ ಮನೆಗೆ ಬಂದಿದ್ದರು. ನೋಟಬುಕ್ಕು ಯಾವಾಗ ವಾಪಸ್ ಸಿಗುತ್ತದೆ ಅಂತ ಕೇಳಿದರು. ಕೋರ್ಟಿನಲ್ಲಿ ಸಾಕ್ಷ್ಯ ಅಂತ ನಿಶಾನೆ ಆಗಿದೆ ಕಾಕಾ, ಅಪೀಲಿನ ಅವಧಿ ಮುಗಿಯುವತನಕ ಕೊಡುವುದಿಲ್ಲ ಅಂದೆ. "ಅದರಾಗ ಮಂದಿ ಕೊಡೂ ಬಾಕಿ ಬರಕೊಂಡೀನಲ್ಲವ್ವಾ" ಅಂತ ತಲೆ ಕೆರೆದುಕೊಂಡರು. ತಮ್ಮ ಎದ್ದು ಹೋಗಿ ದುರ್ಗದಬೈಲಿನಿಂದ ಹೊಸದೊಂದು ತಂದ. ರಾತ್ರಿ ಒಂಬತ್ತರವರೆಗೆ ಕಾಕಾ ನೆನಪು ಮಾಡಿಕೊಂಡು ಹೇಳಿದರು, ಅವನು ಬರೆದುಕೊಂಡ. ಹನ್ನೊಂದು ಹೆಸರು ಆದವು. ಇನ್ನೂ ಇಬ್ಬರು ಇದ್ದಾರಂತೆ, ನೆನಪಾಗುತ್ತಿಲ್ಲ.